ಅಂಬಾದಾಸ ಮಾಸ್ತರರ ಟಾಂಕಿ

ಆ ಶನಿವಾರ ಬೆಳಿಗ್ಗೆ ಸೋನಾಬಾಯಿ ಪಕ್ಕದ ಮನೆಯ ಮಲಕವ್ವನಿಗೆ ಆಡಿದ್ದು ಎರಡೇ ಎರಡು ಶಬ್ದ. ಅಷ್ಟಕ್ಕೇ ಜೋರಾಪುರ ಪೇಟೆಯ ಒಂದು ಇಡೀ ಓಣಿ ಕೊಡ ಹಿಡಿದುಕೊಂಡು ಬೀದಿಗೆ ಬಂತು.

"ಮಾಸ್ತರು ಮುಂಜಾನಿಂದ ಕಾಣವೊಲ್ರಲ್ಲ, ಏನ್ ಮಾಡಾಕತ್ತಾರ ಬೇ?" ಎಂದು ಮಲಕವ್ವ ಗೋಡೆಯ ಆಚೆಯಿಂದ ಕೇಳಿದ್ದಳು.

"ಟಾಂಕಿ ಕೂಡ್ಸಾಕತ್ತಾರ," ಎಂದು ಹೇಳಿ ಸೋನಾಬಾಯಿ ರೊಟ್ಟಿ ಬಡಿಯಲು ಒಳಗೆ ಹೋದಳು.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳ ಗಂಡ, ಹೈಸ್ಕೂಲಿನ ವಿಜ್ಞಾನದ ಮಾಸ್ತರರಾದ ಅಂಬಾದಾಸರು, ನಡುಮನೆಯಲ್ಲಿ ಬೋರಲು ಮಲಗಿ ಒಂದು ಆಟದ ವಿಮಾನದ ಹೊಟ್ಟೆಯೊಳಗೆ ಎಣ್ಣೆಯ ಟಾಂಕಿ ಕೂಡಿಸುತ್ತಿದ್ದರು. ವಿಮಾನ ವಿಲಾಯತಿಯದು. ಹೆಡ್ ಮಾಸ್ತರರ ಅಳಿಯ ತಂದುಕೊಟ್ಟಿದ್ದ. ಕೈಯಲ್ಲಿರುವ ಪೆಟ್ಟಿಗೆಯ ಗುಂಡಿ ಒತ್ತಿದರೆ ರೇಡಿಯೋ ಮುಖಾಂತರ ಅದು ಆಕಾಶದಲ್ಲಿ ಎಡಕ್ಕೂ ಬಲಕ್ಕೂ ತಿರುಗುತ್ತಿತ್ತಂತೆ. ಹಡಗು, ರೈಲು, ಟಾಂಗಾ ಎಲ್ಲ ಹತ್ತಿ ಇಳಿದು ವಿಜಾಪುರ ಮುಟ್ಟುವಷ್ಟರಲ್ಲಿ ಅದರ ಟಾಂಕಿ ಒಡೆದು ಎರಡು ಹೋಳಾಗಿತ್ತು.

ಒಡೆದ ವಿಮಾನವನ್ನು ಹೆಡ್ ಮಾಸ್ತರರು ಬಹಳ ಪ್ರೀತಿಯಿಂದ ಅಂಬಾದಾಸರ ಕೈಗೆ ಕೊಟ್ಟಿದ್ದರು. "ಶನಿವಾರ ಸಂಜೀಮುಂದ ಶಿಕ್ಷಣ ಖಾತೆ ಸಾಹೇಬರು ಬರತಾರ. ಇದು ಹಾರಿದ್ರ ನೀವು ಇಲ್ಲೇ ಇರತೀರಿ. ಇದು ಹಾರಲಿಲ್ಲಂದ್ರ ನೀವು ಹಾರತೀರಿ, ಕನಮಡಿಗೆ."

ಕನಮಡಿ ಊರೇನೋ ಒಳ್ಳೆಯದೇ. ಆದರೆ ಅಲ್ಲಿ ಅಂಬಾದಾಸರ ಅತ್ತೆ ಪರಸವ್ವ ಇದ್ದಳು. ಬಿ.ಎಸ್ಸಿ. ಓದಿದ ಅಳಿಯನನ್ನು ಕಂಡಾಗಲೆಲ್ಲ ಆಕೆಗೆ ಹಟ್ಟಿ ಬಳಿಯುವುದು, ಎಮ್ಮೆ ಮೀಯಿಸುವುದು, ಜೋಳ ತುಂಬಿಡಲು ನೆಲದಲ್ಲಿ ಹಗೇವು ತೋಡುವುದು ನೆನಪಾಗುತ್ತಿತ್ತು. ಹಬ್ಬಕ್ಕೆಂದು ಎರಡು ದಿನ ಹೋಗಿ ಬಂದರೆ ಮಾಸ್ತರರಿಗೆ ವಾರಗಟ್ಟಲೆ ಸೊಂಟ ಎತ್ತಲಾಗುತ್ತಿರಲಿಲ್ಲ. ಅಲ್ಲಿಗೇ ವರ್ಗವಾದರೆ ಏನು ಗತಿ ಎಂದು ನೆನೆದು ಅವರು ಮೂರು ರಾತ್ರಿ ನಿದ್ದೆಗೆಟ್ಟಿದ್ದರು.

ಹೀಗಾಗಿ ಅವರು ತಗಡಿನ ಡಬ್ಬಿಗೆ ಬೆಸುಗೆ ಹಾಕಿ ತಾವೇ ಟಾಂಕಿ ಮಾಡಿದ್ದರು. ಅದಕ್ಕೆ ಹಿತ್ತಾಳೆಯ ನಳಿಗೆ, ನಳಿಗೆಯ ಒಳತುದಿಗೆ ಮೆತ್ತನೆಯ ರಬ್ಬರು, ರಬ್ಬರಿನ ತುದಿಗೊಂದು ಗುಂಡು. ವಿಮಾನ ಹೇಗೆ ವಾಲಿದರೂ ಗುಂಡು ಎಣ್ಣೆಯಿದ್ದ ಕಡೆಗೇ ಉರುಳಬೇಕು. ಟಾಂಕಿ ಇಂಜಿನ್ನಿನ ಹಿಂದೆ, ಅದು ಎಣ್ಣೆ ಕುಡಿಯುವ ತೂತಿನ ಮಟ್ಟಕ್ಕೆ ಸರಿಯಾಗಿ ಕೂಡಬೇಕು. ಮೇಲಾದರೆ ಇಂಜಿನ್ನು ಎಣ್ಣೆಯಲ್ಲಿ ಮುಳುಗಿ ಕೆಮ್ಮುತ್ತದೆ, ಕೆಳಗಾದರೆ ಬಾಯಾರಿ ನಿಲ್ಲುತ್ತದೆ. ಅದುರಿ ಎಣ್ಣೆ ನೊರೆಯಾಗದಂತೆ ಸುತ್ತಲೂ ಮೆತ್ತನೆಯದೇನಾದರೂ ತುಂಬಬೇಕು. ಮಾಸ್ತರರು ಮೊದಲು ಹೆಂಡತಿಯ ಚೌರಿಗೂದಲಿಗೆ ಕೈಹಾಕಿ, ಸಿಕ್ಕಿಬಿದ್ದು, ಕೊನೆಗೆ ತಮ್ಮ ತಲೆದಿಂಬಿನ ಅರಳೆಗೇ ತೃಪ್ತಿಪಟ್ಟಿದ್ದರು.

ಹೊರಗೆ ಮಲಕವ್ವ ಸುಮ್ಮನಿರಲಿಲ್ಲ. ಹೋಳಿ ಹುಣ್ಣಿವೆ ಆದ ಮೇಲೆ ಆ ಓಣಿಯ ನಳಕ್ಕೆ ಮನಸ್ಸು ಬಂದರೆ ನೀರು, ಇಲ್ಲದಿದ್ದರೆ ಬರೀ ಉಸಿರು. ಆದಿಲಶಾಹಿಯವರು ಊರತುಂಬ ನೀರಿನ ಗೋಪುರ ಕಟ್ಟಿಸಿದ್ದರಿಂದ ಇನ್ನು ತಾನೇನೂ ಕಟ್ಟಬೇಕಾಗಿಲ್ಲ ಎಂದು ಮುನಸಿಪಾಲಿಟಿ ತಿಳಿದುಕೊಂಡಂತಿತ್ತು. ಅಂಥ ಓಣಿಯಲ್ಲಿ ಒಬ್ಬರ ಮನೆಯಲ್ಲಿ ಟಾಂಕಿ ಕೂಡುತ್ತಿದೆ ಎಂದರೆ ಮಂದಿ ಮನೆಯೊಳಗೆ ಹೇಗೆ ಕೂತಾರು? ಮಾಸ್ತರರು ತಲೆ ಎತ್ತಿ ನೋಡುವಷ್ಟರಲ್ಲಿ ಕೊಡಗಳ ಸಾಲು ಅವರ ಕಟ್ಟೆಯಿಂದ ಹನುಮಪ್ಪನ ಗುಡಿಯ ತನಕ ಹೋಗಿತ್ತು.

ಎಲ್ಲರಿಗಿಂತ ಮುಂದೆ ನಿವೃತ್ತ ಮೇಸ್ತ್ರಿ ಶಾಂತಪ್ಪ ನಿಂತಿದ್ದ. "ಟಾಂಕಿ ಎಲ್ಲೈತ್ರಿ ಮಾಸ್ತರ? ಎತ್ತರದಾಗ ಕೂಡಸ್ರಿ ಮತ್ತ. ನಾ ಇಂಥಾವು ಎಷ್ಟ ನೋಡೇನಿ."

ಮಾಸ್ತರರಿಗೆ ಒಳ್ಳೆಯ ಗುಣವೊಂದಿತ್ತು, ಅವರು ಸುಳ್ಳು ಹೇಳುತ್ತಿರಲಿಲ್ಲ. ಒಳಗೆ ಹೋಗಿ, ಅರಳೆ ಕಿತ್ತು, ಟಾಂಕಿಯನ್ನು ಅಂಗೈ ಮೇಲಿಟ್ಟುಕೊಂಡು ಬಂದರು. "ನೋಡ್ರಿ, ಇದ ಟಾಂಕಿ. ಇಷ್ಟ ಐತಿ."

ಮಂದಿ ಆ ನಶ್ಯದ ಡಬ್ಬಿಯಷ್ಟಿದ್ದ ತಗಡನ್ನು ನೋಡಿತು.

"ನಮೂನಿ," ಎಂದ ಶಾಂತಪ್ಪ ತಲೆ ದೂಗಿ. "ಸರಕಾರಿ ಕೆಲಸ ಅಂದ್ರ ಹಿಂಗ. ಮೊದಲ ಸಣ್ಣದೊಂದು ನಮೂನಿ ಮಾಡಿ ತೋರಸ್ತಾರ, ಆಮ್ಯಾಲ ದೊಡ್ಡದು ಕಟ್ತಾರ."

"ನಮೂನಿ ಅಲ್ಲೋ ಮಾರಾಯಾ, ಇದು ವಿಮಾನದ್ದು," ಎಂದರು ಮಾಸ್ತರರು.

"ವಿಮಾನದಾಗ ಬರತೈತಂತ ಟಾಂಕಿ," ಎಂದು ಸಾಲಿನ ಹಿಂದಿದ್ದವರಿಗೆ ಸುದ್ದಿ ಹೋಯಿತು. ಎಲ್ಲರಿಗೂ ಮಾಸ್ತರರ ಮೇಲೆ ಗೌರವ ಇಮ್ಮಡಿಯಾಯಿತು.

ಅಷ್ಟರಲ್ಲಿ ಮಲಕವ್ವ, "ಸೋರತೈತೇನು ನೋಡೂಣು ತಡೀರಿ," ಎಂದು ಟಾಂಕಿ ಕಸಿದುಕೊಂಡು ಚರಿಗೆಯ ನೀರನ್ನು ನಳಿಗೆಯೊಳಗೆ ಸುರಿದೇಬಿಟ್ಟಳು. ಹನಿ ನೀರು ಸೇರಿದರೂ ಕೆಡುವ ಎಣ್ಣೆ ಹಾಕಬೇಕಾದ ಟಾಂಕಿ ಅದು. ಮಾಸ್ತರರು ಅದನ್ನು ಕಸಿದುಕೊಂಡು ಒಳಗೆ ಓಡಿ, ಬಾಗಿಲು ಹಾಕಿ, ಕಣ್ಣು ಹೊರಗೆ ಬರುವಂತೆ ನಳಿಗೆ ಊದತೊಡಗಿದರು. ಹೊರಗಿದ್ದವರಿಗೆ ಬರೀ ಊದುವ ಸದ್ದು ಕೇಳಿಸಿತು. ನಳ ಬಿಡುವ ಮೊದಲು ಹೀಗೇ ಗಾಳಿ ಬರುವುದು ಎಲ್ಲರಿಗೂ ರೂಢಿಯಾಗಿದ್ದರಿಂದ ಕೊಡಗಳು ಇನ್ನಷ್ಟು ಹತ್ತಿರ ಸರಿದವು.

ಮಧ್ಯಾಹ್ನದ ಹೊತ್ತಿಗೆ ಮುನಸಿಪಾಲಿಟಿಯ ಮೆಂಬರ ಗೊಲ್ಲಾಳಪ್ಪ ಬಂದ. ಓಣಿಯಲ್ಲಿ ತನಗೆ ತಿಳಿಯದೆ ಒಳ್ಳೆಯ ಕೆಲಸ ನಡೆದಿದೆ ಎಂದು ಕೇಳಿ ಅವನಿಗೆ ಕಸಿವಿಸಿಯಾಗಿತ್ತು. ಕಟ್ಟೆ ಹತ್ತಿ, "ಈ ಟಾಂಕಿ ಸಲುವಾಗಿ ನಾ ಎಷ್ಟ ಓಡ್ಯಾಡೇನಿ, ನನಗ ಗೊತ್ತು," ಎಂದು ಭಾಷಣ ಮುಗಿಸಿ, ಬಾಗಿಲು ಸರಿಸಿ ಒಳಗೆ ಬಂದು ಮಾಸ್ತರರ ಕಿವಿಯಲ್ಲಿ ಕೇಳಿದ, "ಉದ್ಘಾಟನಾ ಎಲ್ಲಿರಿ?"

ಮಾಸ್ತರರು ಎರಡನೆಯ ಸಲ ಟಾಂಕಿ ಕೂಡಿಸಿ, ಮಟ್ಟ ನೋಡಿ, ಕೊನೆಯ ಅರಳೆ ತುರುಕುತ್ತಿದ್ದರು. ವಿವರಿಸುವ ತ್ರಾಣ ಅವರಲ್ಲಿ ಉಳಿದಿರಲಿಲ್ಲ. "ಸಂಜೀಕ, ಸಾಲಿ ಬಯಲಾಗ. ಸಾಹೇಬರು ಬರತಾರ. ಈಗ ಹೋಗ್ರಿ," ಎಂದರು. ಅದೂ ಸುಳ್ಳಲ್ಲ.

ಸಂಜೆ ಸಾಹೇಬರ ಜೀಪು ಶಾಲೆಯ ಬಯಲಿಗೆ ಬಂದಾಗ ಎರಡೂ ಬದಿಗೆ ಹೆಂಗಸರು ತಿಕ್ಕಿ ತೊಳೆದ ತಾಮ್ರದ ಕೊಡ ಹಿಡಿದು ನಿಂತಿದ್ದರು. ಮೈಸೂರು ಕಡೆಯವರಾದ ಸಾಹೇಬರಿಗೆ ಕಣ್ಣು ತುಂಬಿ ಬಂತು. "ಪೂರ್ಣಕುಂಭದ ಸ್ವಾಗತ. ಈ ಕಡೆ ಜನಕ್ಕೆ ಎಷ್ಟು ಸಂಸ್ಕಾರ ಇದೆ ನೋಡಿ," ಎಂದರು. ಕುಂಭಗಳಲ್ಲಿ ಹನಿ ನೀರಿಲ್ಲ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹೆಡ್ ಮಾಸ್ತರರು ಇದೆಲ್ಲ ತಮ್ಮದೇ ಏರ್ಪಾಡು ಎಂಬಂತೆ ನಕ್ಕರು.

ಮಾಸ್ತರರು ಸ್ಪಿರಿಟ್ಟಿಗೆ ಔಡಲೆಣ್ಣೆ ಬೆರೆಸಿ ಟಾಂಕಿ ತುಂಬಿದರು. ಪಂಖಾ ತಿರುವಿದರು. ಇಂಜಿನ್ನು ಕೆಮ್ಮಿತು, ಸೀನಿತು, ಆಮೇಲೆ ಕಿವಿ ಕಿತ್ತು ಬೀಳುವಂತೆ ಕಿರುಚತೊಡಗಿತು. ವಿಮಾನ ಕೈಬಿಟ್ಟದ್ದೇ ತಡ, ಬೇವಿನ ಮರ ದಾಟಿ ಆಕಾಶಕ್ಕೇರಿತು. ಅಂಬಾದಾಸರು ಗುಂಡಿ ಒತ್ತಿದಂತೆ ಅದು ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು, ಎಷ್ಟು ವಾಲಿದರೂ ಒಮ್ಮೆಯೂ ತೊದಲಲಿಲ್ಲ. ಟಾಂಕಿ ಬರಿದಾದ ಮೇಲೆ ತಾನಾಗಿಯೇ ಸುಮ್ಮನಾಗಿ, ಹದ್ದಿನಂತೆ ತೇಲಿ ಬಂದು ಸಾಹೇಬರ ಬೂಟಿನ ಎದುರಿಗೆ ಇಳಿಯಿತು. ಮಾಸ್ತರರಿಗೆ ಅಳು ಬರುವಷ್ಟು ಸಂತೋಷವಾಯಿತು. ಪರಸವ್ವನ ಎಮ್ಮೆ ಕಣ್ಣಮುಂದಿನಿಂದ ಮಾಯವಾಯಿತು.

ಸಾಹೇಬರು ಬೆನ್ನು ತಟ್ಟಿದರು. "ಭೇಷ್. ಇದರಲ್ಲಿ ಕಷ್ಟದ ಕೆಲಸ ಯಾವುದು?"

"ಟಾಂಕಿ ಕೂಡಿಸೋದು, ಸರ್," ಎಂದರು ಮಾಸ್ತರರು ಹೆಮ್ಮೆಯಿಂದ.

ಆ ಮಾತು ಮಲಕವ್ವನ ಕಿವಿಗೆ ಬಿತ್ತು. "ಹಕ್ಕಿ ಹಾರಿಸಿದ್ದು ಆತು. ಟಾಂಕಿ ಎಲ್ಲೈತ್ರಿ ಗೊಲ್ಲಾಳಪ್ಪ?" ಎಂದು ಆಕೆ ಕೇಳಿದಳು. ಕೊಡಗಳೆಲ್ಲ ಮೆಂಬರನ ಕಡೆಗೆ ತಿರುಗಿದವು.

ಗೊಲ್ಲಾಳಪ್ಪ ಹತ್ತು ವರ್ಷದಿಂದ ಆರಿಸಿ ಬರುತ್ತಿದ್ದವನು. ಸಾಹೇಬರ ಎದುರು ಹೋಗಿ ಕೈಮುಗಿದ. "ಸಾಹೇಬರ, ಟಾಂಕಿ ಕೂಡಸೋದ್ರಾಗ ಈ ಮಾಸ್ತರ ಕೈ ಹಿಡಿಯವ್ರು ಜಿಲ್ಲಾದಾಗಿಲ್ಲ. ಅದಕ್ಕ ನೋಡ್ರಿ, ಇಡೀ ಓಣಿ ಕೊಡ ಹಿಡಕೊಂಡು ಇವರ ಬೆನ್ನ ಹತ್ತೇತಿ."

ಸಾಹೇಬರ ಮುಖ ಅರಳಿತು. "ಹಾಗೇನು? ಕನಮಡಿಯಲ್ಲಿ ಹೊಸ ಹೈಸ್ಕೂಲು ಕಟ್ಟಿ ಎರಡು ವರ್ಷ ಆಯ್ತು. ನೀರಿನ ಟ್ಯಾಂಕು ಕೂರಿಸೋರು ಸಿಗದೆ ಬೀಗ ಹಾಕಿದೆ."

ಮಾಸ್ತರರು ಅಂಗೈ ಚಾಚಿ ಅಳತೆ ತೋರಿಸಿದರು. "ಸರ್, ಇದು ಇಷ್ಟೇ ಇಷ್ಟು ಟಾಂಕಿ. ನಾಲ್ಕು ಔನ್ಸು."

"ಇಷ್ಟು ಚಿಕ್ಕದನ್ನೇ ಇಷ್ಟು ಚೆನ್ನಾಗಿ ಕೂರಿಸಿದ್ದೀರಿ, ದೊಡ್ಡದು ಯಾವ ಲೆಕ್ಕ? ಕೈಗೆ ಹಿಡಿತವಾದರೂ ಸಿಗುತ್ತೆ," ಎಂದರು ಸಾಹೇಬರು. "ಸೋಮವಾರವೇ ಹೊರಡಿ. ಇದು ವರ್ಗ ಅಲ್ಲ ರೀ, ಬಹುಮಾನ."

ಅಂಬಾದಾಸರು ಹೆಡ್ ಮಾಸ್ತರರ ಕಡೆ ನೋಡಿದರು. ಹೆಡ್ ಮಾಸ್ತರರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಗೊಲ್ಲಾಳಪ್ಪ ಹೆಂಗಸರ ಕಡೆ ತಿರುಗಿ ನಿಟ್ಟುಸಿರು ಬಿಟ್ಟ. "ಏನ್ ಮಾಡೂದವ್ವಾ, ನಮ್ಮ ಟಾಂಕಿ ಕನಮಡಿಯವರು ಕಸಗೊಂಡ್ರು." ದಾರಿಯುದ್ದಕ್ಕೂ ಓಣಿಯ ಮಂದಿ ಮಾಸ್ತರರನ್ನು, ನಂಬಿಸಿ ಕೈಕೊಟ್ಟವನೆಂದು ಬೈಯುತ್ತಲೇ ಬಂದಿತು.

ಸುದ್ದಿ ಮಾಸ್ತರರಿಗಿಂತ ಮೊದಲೇ ಮನೆ ಮುಟ್ಟಿತ್ತು. ಸೋನಾಬಾಯಿ ಆಗಲೇ ಟ್ರಂಕು ತೆಗೆದು ಸೀರೆ ಮಡಿಸುತ್ತಿದ್ದಳು. ಮಾಸ್ತರರು ಹೊಸ್ತಿಲ ಮೇಲೆ ಕುಸಿದು ಕೂತರು. ಬೇರೆ ಯಾರು ನಂಬದಿದ್ದರೂ ಇವಳಾದರೂ ಬಲ್ಲಳು, ಆ ಟಾಂಕಿಯನ್ನು ಕಣ್ಣಾರೆ ಕಂಡವಳು, ಎಂದು ಅವರಿಗೆ ಎಷ್ಟೋ ಸಮಾಧಾನವಾಯಿತು.

"ಅಲ್ರಿ," ಎಂದಳು ಸೋನಾಬಾಯಿ ನಯವಾಗಿ, "ಕನಮಡ್ಯಾಗ ಟಾಂಕಿ ಕೂಡಸೂ ಮುಂದ ನಮ್ಮವ್ವನ ಬಾಗಲಾ ಮುಂದನೂ ಒಂದು ಕೂಡಸ್ರಿ. ಎಮ್ಮಿ ಮೈ ತೊಳ್ಯಾಕ ನಿಮಗ ನೀರು ಹತ್ತರ ಆಗತೈತಿ."