ಮೂತಿ ತಿರುಗಿಸಿದ ಕಾರು

ಇಷ್ಟೆಲ್ಲ ಆದದ್ದು ವೆಂಡೆಲ್ ಹಾಸ್ಕಿನ್ಸನ ಸೊಂಟನೋವಿನಿಂದ. ಸೊಂಟ ನೆಟ್ಟಗಿದ್ದಿದ್ದರೆ ಅವನು ಪೆಟ್ಟಿಗೆಗಳನ್ನು ಅಂಗಳದುದ್ದಕ್ಕೂ ಹೊತ್ತು ತಂದು ಕಾರಿಗೆ ತುಂಬುತ್ತಿದ್ದ, ಡ್ರೈ ಮಿಲ್ ರಸ್ತೆಯ ಹದಿನಾಲ್ಕು ಮನೆಯವರು ತಮ್ಮ ಪಾಡಿಗೆ ತಾವು ಕಾಫಿ ಕುಡಿಯುತ್ತಿದ್ದರು. ಆದರೆ ಹಿಂದಿನ ದಿನ ನಲ್ಲಿ ಬಿಗಿಯಲು ಬಗ್ಗಿದ ಸೊಂಟ ಮತ್ತೆ ಪೂರ್ತಿ ಏಳಲು ಒಪ್ಪಿರಲಿಲ್ಲ. ಹಾಗಾಗಿ ಬೆಳಗ್ಗೆ ಆರೂವರೆಗೆ ಅವನು ಕಾರನ್ನು ತಿರುಗಿಸಿ, ಹಿಂದಕ್ಕೆ ನಡೆಸಿ, ಡಿಕ್ಕಿಯನ್ನು ಮನೆಯ ಮೆಟ್ಟಿಲ ಹತ್ತಿರಕ್ಕೇ ತಂದು ನಿಲ್ಲಿಸಿದ. ಕಾರಿನ ಮೂತಿ ರಸ್ತೆಯ ಕಡೆಗಾಯಿತು.

ಬೇರೆ ಊರಿನಲ್ಲಿ ಇದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಕ್ಯಾಲಿಫೋರ್ನಿಯಾದ ಗುಡ್ಡಗಾಡಿನಲ್ಲಿ, ಅದೂ ಆಗಸ್ಟ್ ತಿಂಗಳಲ್ಲಿ, ಕಾರಿನ ಮೂತಿ ಹೊರಗಾಯಿತೆಂದರೆ ಒಂದೇ ಅರ್ಥ. ಕಾಡಿಗೆ ಬೆಂಕಿ ಬಿದ್ದಿದೆ, ಊರು ಬಿಡಬೇಕು. ಹೊಗೆಯ ನಡುವೆ ಕಾರನ್ನು ಹಿಂದೆ ಮುಂದೆ ಮಾಡುತ್ತ ಕೂರಲು ಪುರಸೊತ್ತಿರುವುದಿಲ್ಲವಲ್ಲ, ಅದಕ್ಕೇ ಸುದ್ದಿ ಬಂದ ಕೂಡಲೇ ಎಲ್ಲರೂ ಮೊದಲು ಮೂತಿ ತಿರುಗಿಸುತ್ತಾರೆ.

ವೆಂಡೆಲ್ ಹೊರಟಿದ್ದು ಬೆಂಕಿಗೆ ಹೆದರಿಯಲ್ಲ, ಹನಿಮೂನಿಗೆ. ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ ಎಂಥ ಹನಿಮೂನು ಎಂದು ನಗಬೇಡಿ, ಅದು ಬಾಕಿ ಉಳಿದದ್ದು. ಸಮುದ್ರದ ಅಂಚಿನ ರಸ್ತೆಯಲ್ಲಿ ಮೂರು ದಿನ ದಕ್ಷಿಣಕ್ಕೆ ಹೋಗೋಣ ಎಂದು ಅವನು ಲೊರೇನಳಿಗೆ ಮಾತು ಕೊಟ್ಟಿದ್ದ. ಮದುವೆಯ ಮಾರನೆಯ ದಿನವೇ ಕಾಳ್ಗಿಚ್ಚಿಗೆ ಆ ರಸ್ತೆ ಮುಚ್ಚಿತು. ಆಮೇಲೆ ಹನ್ನೊಂದು ಆಗಸ್ಟ್‌ಗಳಲ್ಲಿ ಹನ್ನೊಂದು ಸಲ ಯೋಜನೆ ಹಾಕಿದ. ಒಂದು ಸಲ ಹೊಗೆ, ಒಂದು ಸಲ ಅವರದೇ ಊರು ಖಾಲಿ, ಇನ್ನೊಂದು ಸಲ ಅವರು ಗೊತ್ತು ಮಾಡಿದ್ದ ವಸತಿಗೃಹವೇ ಖಾಲಿ. ಶಾಲೆಯ ಬಸ್ಸು ಓಡಿಸುವ ವೆಂಡೆಲನಿಗೆ ರಜೆ ಸಿಗುವುದು ಬೇಸಿಗೆಯಲ್ಲಿ, ಬೆಂಕಿಗೆ ಕೆಲಸ ಸಿಗುವುದೂ ಆಗಲೇ.

ಈ ಸಲ ಲೊರೇನ್ ಖಡಾಖಂಡಿತವಾಗಿ ಹೇಳಿದ್ದಳು. "ನೋಡು ವೆಂಡೆಲ್, ಪೆಟ್ಟಿಗೆ ಕಟ್ಟಿ ಕಟ್ಟಿ, ಬಿಚ್ಚಿ ಬಿಚ್ಚಿ ನಂಗೆ ಸಾಕಾಗಿದೆ. ಇದೇ ಕೊನೆ. ಈ ಸಲ ತಪ್ಪಿದ್ರೆ ಇನ್ನು ಆ ರಸ್ತೆ ಹೆಸರೂ ಎತ್ತಬೇಡ. ಮತ್ತೆ, ನಾವಿಬ್ಬರೇ. ಕಳೆದ ಸಲದ ಥರ ಊರಿಗೆಲ್ಲ ಡಂಗುರ ಹೊಡೀಬೇಡ."

ಕಳೆದ ಸಲ ಅವನು ಬಾಯಿಬಿಟ್ಟಿದ್ದ. ಎದುರು ಮನೆಯ ಎಡ್ನಾ ಪ್ರಾಕ್ಟರ್, ದಾರಿಯಲ್ಲೇ ತನ್ನ ತಂಗಿಯ ಊರಿದೆ, ಹಿಂದಿನ ಸೀಟಿನಲ್ಲಿ ಕೂತು ಬರುತ್ತೇನೆ ಎಂದಿದ್ದಳು. ಎಡ್ನಾ ಹಿಂದಿನ ಸೀಟಿನಲ್ಲಿ ಕೂತರೆ ಅದಕ್ಕೆ ಬೇರೆ ಏನಾದರೂ ಹೆಸರಿಡಬಹುದು, ಹನಿಮೂನು ಎನ್ನಲಾಗುವುದಿಲ್ಲ. ಆದ್ದರಿಂದ ಈ ಸಲ ಗಂಡ ಹೆಂಡಿರು ಪಿಟಕ್ಕೆನ್ನದೆ ತಯಾರಿ ನಡೆಸಿದ್ದರು.

ಎಡ್ನಾಳಿಗೆ ಎಪ್ಪತ್ತಾರು ವರ್ಷ. ಮೂವತ್ತು ಬೇಸಿಗೆ ಬೆಟ್ಟದ ಮೇಲಿನ ಕಾವಲು ಗೋಪುರದಲ್ಲಿ ಕೂತು ಹೊಗೆ ಎಲ್ಲಿ ಏಳುತ್ತದೆಂದು ನೋಡಿದವಳು. ನಿವೃತ್ತಿಯಾದಾಗ ಗೋಪುರ ಬಿಟ್ಟಳು, ದುರ್ಬೀನು ಬಿಡಲಿಲ್ಲ. ವೆಂಡೆಲ್ ಮೊದಲ ಪೆಟ್ಟಿಗೆ ಇಟ್ಟು ತಿರುಗುವಷ್ಟರಲ್ಲಿ ಅವಳು ಮನೆಯುಡುಪಿನಲ್ಲೇ ಬೇಲಿಯ ಬಳಿ ನಿಂತಿದ್ದಳು.

"ಏನೋ ವೆಂಡೆಲ್, ಕಾರಿನ ಮೂತಿ ಹೊರಗಿದೆ?"

"ಸೊಂಟ ನೋವು, ಎಡ್ನಾ."

"ಸೊಂಟಕ್ಕೂ ಕಾರಿನ ಮೂತಿಗೂ ಎಲ್ಲಿಂದೆಲ್ಲಿಗೆ ಸಂಬಂಧ ಕಣೋ?" ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಡೇಲ್ ಏನಾದ್ರೂ ಹೇಳಿದ್ನಾ?"

ಡೇಲ್ ಎಂದರೆ ಲೊರೇನಳ ತಮ್ಮ. ಅಗ್ನಿಶಾಮಕ ಠಾಣೆಯಲ್ಲಿ ಫೋನಿನ ಮುಂದೆ ಕೂರುವ ಕೆಲಸ ಅವನದು.

"ಅವನೇನೂ ಹೇಳಿಲ್ಲ."

"ಹೇಳಬೇಡ ಅಂದಿದಾನಾ?"

"ಅಯ್ಯೋ, ಹೇಳೋಕೇ ಏನೂ ಇಲ್ಲ! ಸುಮ್ನೆ ಮನೆ ಚೊಕ್ಕಟ ಮಾಡ್ತಿದೀವಿ."

ಅದೇ ಹೊತ್ತಿಗೆ ಲೊರೇನ್ ಮದುವೆಯ ಆಲ್ಬಮ್ಮನ್ನು ಎದೆಗವಚಿಕೊಂಡು ಹೊರಗೆ ಬಂದಳು. ಕಡಲ ದಂಡೆಯಲ್ಲಿ ಕೂತು ಇಬ್ಬರೂ ನೋಡೋಣ ಎಂಬುದು ಅವಳ ಆಸೆ. ಅವಳ ಇನ್ನೊಂದು ಕೈಯಲ್ಲಿ, ತನ್ನ ತಂಗಿಯ ಮನೆಯಲ್ಲಿ ಬಿಡಬೇಕಾದ ಬೆಕ್ಕು, ಪಂಜರದೊಳಗಿಂದ ಯಾರನ್ನೋ ಶಪಿಸುತ್ತ ಬಂತು. ಬೆಂಕಿ ಕಂಡ ಊರಿನಲ್ಲಿ ಮನೆ ಬಿಡುವಾಗ ಮೊದಲು ಹೊರಬೀಳುವುದು ಇವೇ ಎರಡು, ಪಟದ ಆಲ್ಬಮ್ ಮತ್ತು ಸಾಕುಪ್ರಾಣಿ. ಎಡ್ನಾ ಒಮ್ಮೆ ಆಲ್ಬಮ್ ನೋಡಿದಳು, ಒಮ್ಮೆ ಬೆಕ್ಕನ್ನು ನೋಡಿದಳು, ಕೊನೆಗೆ ವೆಂಡೆಲನನ್ನು ಮರುಕದಿಂದ ನೋಡಿದಳು.

"ಅರ್ಥವಾಯ್ತಪ್ಪ. ಜನ ಗಾಬರಿ ಬೀಳ್ತಾರೆ ಅಂತ ಮುಚ್ಚಿಡ್ತಿದೀಯ. ಒಳ್ಳೇ ಮನಸ್ಸು ನಿಂದು," ಎಂದು ಮನೆಗೆ ಓಡಿದಳು. ಐದು ನಿಮಿಷದಲ್ಲಿ ಅವಳ ಹಳೆಯ ಕಾರಿನ ಮೂತಿಯೂ ರಸ್ತೆಗೆ ತಿರುಗಿತು.

ಎಂಟು ಗಂಟೆಗೆ ಅದೇ ರಸ್ತೆಯ ಹೆಕ್ಟರ್ ಸಾಲ್ಸೀಡೊ ಬಂದ. ಅವನ ಬಳಿ ಇಪ್ಪತ್ತಮೂರು ಮೇಕೆಗಳಿವೆ. ಬೇಸಿಗೆಯಲ್ಲಿ ಮನೆಗಳ ಸುತ್ತಲಿನ ಒಣ ಪೊದೆಯನ್ನು ಬೆಂಕಿ ತಿನ್ನುವ ಮೊದಲು ಅವು ತಿಂದು ಮುಗಿಸುತ್ತವೆ, ಹೆಕ್ಟರನ ಸಂಸಾರ ಅದರಿಂದಲೇ ನಡೆಯುತ್ತದೆ.

"ಎಷ್ಟು ಗಂಟೆಗೆ ಹೊರಡ್ತೀರಾ?" ಎಂದ, ಪೀಠಿಕೆಯಿಲ್ಲದೆ.

ಹನಿಮೂನಿನ ಗುಟ್ಟು ಬಯಲಾಯಿತಲ್ಲ ಎಂದು ವೆಂಡೆಲನಿಗೆ ಸಂಕಟವಾಯಿತು. "ಹತ್ತಕ್ಕೆ. ನಿನ್ ದಮ್ಮಯ್ಯ ಅಂತೀನಿ, ಯಾರಿಗೂ ಹೇಳಬೇಡ ಮಾರಾಯ."

"ಛೆ ಛೆ, ನಾನ್ಯಾಕೆ ಹೇಳಲಿ!"

ಹೆಕ್ಟರ್ ಮಾತಿಗೆ ತಪ್ಪುವವನಲ್ಲ. ಹೆಂಡತಿಗೆ ಮಾತ್ರ ಹೇಳಿದ. ಅವಳೂ ಹಾಗೆಯೇ, ಅಕ್ಕನಿಗೆ ಮಾತ್ರ ಹೇಳಿದಳು. ಒಂಬತ್ತೂವರೆಗೆ ಡ್ರೈ ಮಿಲ್ ರಸ್ತೆಯ ಹದಿನಾಲ್ಕು ಅಂಗಳಗಳಲ್ಲೂ ಕಾರುಗಳು ಪಂದ್ಯಕ್ಕೆ ನಿಂತ ಕುದುರೆಗಳ ಹಾಗೆ ಮೂತಿ ಮುಂದೆ ಮಾಡಿ ನಿಂತಿದ್ದವು. ಫೋನಿನಲ್ಲಿ ಬೆಂಕಿಯ ಸೂಚನೆ ಏನೂ ಇಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ ಎಡ್ನಾ, "ಫೋನಲ್ಲಿ ಬರೋ ಹೊತ್ತಿಗೆ ಮನೆ ಬೂದಿ ಆಗಿರುತ್ತೆ. ಆರು ವರ್ಷದ ಹಿಂದೆ ಏನಾಯ್ತು ಮರೆತ್ಯಾ?" ಎಂದಳು. ಯಾರೂ ಮರೆತಿರಲಿಲ್ಲ.

ಹತ್ತಕ್ಕೆ ಸರಿಯಾಗಿ ವೆಂಡೆಲ್ ಕಾರು ಹೊರಡಿಸಿದ. ಮೊದಲ ತಿರುವು ದಾಟಿದ ಮೇಲೆ ಲೊರೇನ್ ಕನ್ನಡಿ ನೋಡಿದಳು.

"ವೆಂಡೆಲ್, ನಮ್ಮ ಹಿಂದೆ ಎಡ್ನಾ ಬರ್ತಿದಾಳೆ."

"ಬರಲಿ ಬಿಡು, ಅಂಗಡಿಗೆ ಹೊರಟಿರಬೇಕು."

"ಅವಳ ಹಿಂದೆ ಹೆಕ್ಟರ್. ಮೇಕೆ ಗಾಡಿ ಕಟ್ಕೊಂಡು ಬರ್ತಿದಾನೆ. ಅವನ ಹಿಂದೆ..." ಅವಳು ಬೆರಳು ಮಡಿಸಿ ಎಣಿಸತೊಡಗಿದಳು. ಬೆರಳು ಸಾಲಲಿಲ್ಲ.

ವೆಂಡೆಲ್ ಪೆಟ್ರೋಲ್ ಬಂಕಿಗೆ ತಿರುಗಿದ. ಹದಿಮೂರು ಗಾಡಿಗಳೂ ತಿರುಗಿ ಹೊಟ್ಟೆ ತುಂಬಿಸಿಕೊಂಡವು. ತಪ್ಪಿಸಿಕೊಳ್ಳೋಣವೆಂದು ಇಗರ್ಜಿಯ ಅಂಗಳಕ್ಕೆ ನುಗ್ಗಿ ಒಂದು ಸುತ್ತು ಹಾಕಿದ. ಅವರೂ ಸುತ್ತು ಹಾಕಿದರು. ಪಾದ್ರಿಗಳು ಹೊರಗೆ ಬಂದು ಎಲ್ಲರಿಗೂ ಶಿಲುಬೆಯ ಗುರುತು ಮಾಡಿ ಹರಸಿದರು. ಲೊರೇನಳ ತಂಗಿಯ ಮನೆಯ ಮುಂದೆ ಬೆಕ್ಕನ್ನು ಇಳಿಸಿದಾಗ ಇಡೀ ಬೀದಿ ಕಾರುಗಳಿಂದ ತುಂಬಿಹೋಯಿತು. ತಂಗಿ ಹೆದರಿ ಬೆಕ್ಕಿನ ಜೊತೆಗೇ ತನ್ನ ಕಾರು ಹತ್ತಿ ಸಾಲಿಗೆ ಸೇರಿದಳು. ಹಿಂದಿನ ಗಾಡಿಗಳು ಹದಿನಾಲ್ಕಾದವು.

ಕಡಲಿನ ಕಡೆಗೆ ಕವಲೊಡೆಯುವ ಜಾಗದಲ್ಲಿ ವೆಂಡೆಲ್ ತಡೆಯಲಾರದೆ ಇಳಿದು ಹೆಕ್ಟರನ ಕಿಟಕಿ ಬಡಿದ. "ಎಲ್ಲಿಗಯ್ಯಾ ಹೊರಟಿರಿ ನೀವೆಲ್ಲ?"

"ನೀನೆಲ್ಲಿಗೋ ಅಲ್ಲಿಗೆ. ಯಾವ ದಾರೀಲಿ ಬೆಂಕಿ ಇಲ್ಲ ಅಂತ ನಿಂಗೇ ತಾನೇ ಗೊತ್ತಿರೋದು?"

"ಯಾವ ದಾರೀಲೂ ಬೆಂಕಿ ಇಲ್ಲ ಕಣಯ್ಯಾ! ಬೆಂಕಿನೇ ಇಲ್ಲ!"

"ಶ್! ಮೆಲ್ಲಗೆ. ಎಡ್ನಾಗೆ ರಕ್ತದೊತ್ತಡ ಇದೆ. ಅವಳೆದುರಿಗೆ ಹೀಗೇ ಧೈರ್ಯ ಹೇಳ್ತಿರು," ಎಂದು ಹೆಕ್ಟರ್ ಕಣ್ಣು ಮಿಟುಕಿಸಿದ. ಹಿಂದಿನ ಗಾಡಿಯಲ್ಲಿ ಇಪ್ಪತ್ತಮೂರು ಮೇಕೆಗಳು ಹೌದೆಂದವು.

ಬೆಟ್ಟದ ತಿರುವುಗಳಲ್ಲಿ ಮೂರು ಗಂಟೆ ಕಾಲ ಆ ಮೆರವಣಿಗೆ ಹೋಯಿತು. ಲೊರೇನ್ ಮಡಿಲಲ್ಲಿದ್ದ ಆಲ್ಬಮ್ಮನ್ನು ಎತ್ತಿ ಹಿಂದಿನ ಸೀಟಿಗೆ ಹಾಕಿದಳು. ಅದರ ಅರ್ಥ ವೆಂಡೆಲನಿಗೆ ಮೂವತ್ತು ವರ್ಷದ ಅನುಭವದಿಂದ ಗೊತ್ತಿತ್ತು. ಈ ಸಲವೂ ಕೆಟ್ಟಿತು, ಇನ್ನು ಜನ್ಮದಲ್ಲಿ ಇವಳನ್ನು ಕರೆಯುವ ಹಾಗಿಲ್ಲ ಎಂದು ಅವನಿಗೆ ನಿಜವಾಗಿಯೂ ದುಃಖವಾಯಿತು.

ಎರಡೂವರೆಗೆ ಕಡಲ ಮೇಲಿನ ಬಂಡೆಯಂಚಿನಲ್ಲಿ ಕಾರು ನಿಲ್ಲಿಸುವ ಜಾಗ ಸಿಕ್ಕಿತು. ಸಮುದ್ರ ಮಾತ್ರ ಸಿಗಲಿಲ್ಲ. ಬೇಸಿಗೆಯ ಮಂಜು ದಟ್ಟವಾಗಿ ಕವಿದು, ಎದುರಿಗೆ ಬಿಳಿಯ ಗೋಡೆ ಕಟ್ಟಿದಂತಿತ್ತು. ಕೆಳಗೆಲ್ಲೋ ಅಲೆ ಬಡಿಯುವ ಸದ್ದು ಕೇಳುತ್ತಿತ್ತು, ಅಷ್ಟೇ. ಎಲ್ಲರೂ ಇಳಿದು ವೆಂಡೆಲನ ಸುತ್ತ ನೆರೆದರು, ಮುಂದಿನ ಅಪ್ಪಣೆ ಏನೆಂದು.

ವೆಂಡೆಲ್ ಅಲ್ಲಿದ್ದ ಮರದ ಬೆಂಚು ಹತ್ತಿದ. ಸೊಂಟ ಕಳಕ್ ಎಂದಿತು.

"ಕೇಳ್ರಪ್ಪ. ಎಲ್ಲೂ ಬೆಂಕಿ ಇಲ್ಲ. ಡೇಲ್ ನಂಗೇನೂ ಹೇಳಿಲ್ಲ. ನಮ್ಮ ಮದುವೆಯಾಗಿ ಮೂವತ್ತು ವರ್ಷ ಆಯ್ತು, ನಾನೂ ಲೊರೇನೂ ಹನಿಮೂನಿಗೆ ಹೊರಟಿದ್ವಿ. ಇಬ್ಬರೇ."

ಅಲೆಯ ಸದ್ದು ಇನ್ನೂ ಚೆನ್ನಾಗಿ ಕೇಳಿಸತೊಡಗಿತು.

"ಹನಿಮೂನು!" ಎಂದಳು ಎಡ್ನಾ. "ನಾನು ನಾಲ್ಕು ಆಲ್ಬಮ್ಮು, ಒಂದು ತಿಂಗಳ ಔಷಧಿ, ನನ್ನ ಯಜಮಾನನ ಚಿತಾಭಸ್ಮ ಎಲ್ಲ ಹೊತ್ತು ತಂದಿದೀನಿ ಕಣೋ! ಸತ್ತ ಮೇಲಾದ್ರೂ ಅವರನ್ನ ನೆಮ್ಮದಿಯಾಗಿರೋಕೆ ಬಿಟ್ಯಾ?"

"ನನ್ ಮೇಕೆಗಳಿಗೆ ತಿರುವಿನಲ್ಲಿ ವಾಂತಿ ಆಗಿದೆ," ಎಂದ ಹೆಕ್ಟರ್. ಗುಂಪು ಬೆಂಚಿನ ಕಡೆಗೆ ಒಂದು ಹೆಜ್ಜೆ ಇಟ್ಟಿತು.

ಆಗ ಲೊರೇನಳ ಫೋನು ಬಡಿದುಕೊಂಡಿತು. ಡೇಲ್. ಅವಳು ಎಲ್ಲರಿಗೂ ಕೇಳುವಂತೆ ಅದನ್ನು ಎತ್ತಿ ಹಿಡಿದಳು.

"ಅಕ್ಕಾ, ಎಲ್ಲಿದೀರಾ? ನಿಮ್ಮ ರಸ್ತೇಲಿ ಬೆಂಕಿ ಬಿದ್ದಿತ್ತು!" ಗುಂಪು ಇದ್ದಲ್ಲೇ ನಿಂತಿತು. "ಈಗ ಆರಿದೆ, ಹೆದರಬೇಡಿ. ಒಂದು ಮನೇಗೂ ತಾಗಿಲ್ಲ. ನಮ್ಮ ಬಂಡಿಗಳು ಹೋದಾಗ ರಸ್ತೆ ಪೂರ್ತಿ ಖಾಲಿ! ಕಾರಿಲ್ಲ, ಜನ ಇಲ್ಲ, ಒಂದು ಮೇಕೇನೂ ಅಡ್ಡ ಬರಲಿಲ್ಲ. ಆರು ನಿಮಿಷಕ್ಕೆ ಮೇಲೆ ತಲುಪಿದ್ವಿ. ನನ್ನ ಸರ್ವೀಸಿನಲ್ಲಿ ಇಷ್ಟು ಶಿಸ್ತಾಗಿ ಖಾಲಿಯಾದ ರಸ್ತೆ ನೋಡಿಲ್ಲ. ಯಾರು ಹೊರಡಿಸಿದ್ದು ಎಲ್ಲರನ್ನೂ?"

ಇಪ್ಪತ್ತೆಂಟು ಜೋಡಿ ಕಣ್ಣು ಬೆಂಚಿನ ಮೇಲೆ ನೆಟ್ಟವು.

"ಬೆಂಕಿ ಹ್ಯಾಗೆ ಬಿತ್ತೋ?" ಎಂದು ಲೊರೇನ್ ಕೇಳಿದಳು.

"ಯಾರೋ ಹಿಂದೆ ಗಾಡಿ ಕಟ್ಕೊಂಡು ಹೋಗಿದಾರೆ. ಅದರ ಸರಪಳಿ ರಸ್ತೆಗೆ ಉಜ್ಜಿ, ಕಿಡಿ ಹಾರಿ, ಅಂಚಿನ ಹುಲ್ಲು ಹತ್ಕೊಂಡಿದೆ."

ಎಲ್ಲರೂ ಮೇಕೆ ಗಾಡಿಯ ಕಡೆ ತಿರುಗುವಷ್ಟರಲ್ಲಿ ಹೆಕ್ಟರ್ ಅದರ ಮುಂದೆ ಕಾಲಗಲಿಸಿ ನಿಂತಾಗಿತ್ತು. ಕಾಲುಗಳ ನಡುವೆ ಸರಪಳಿಯೊಂದು ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತ ನೇತಾಡುತ್ತಿತ್ತು.

"ಅಲ್ನೋಡಿ," ಎಂದ ವೆಂಡೆಲ್ ಆಸೆಯಿಂದ. "ನಾವು ಹೊರಟಿದ್ದಕ್ಕೇ ಬೆಂಕಿ ಬಿದ್ದಿದ್ದು. ಮನೇಲೇ ಇದ್ದಿದ್ರೆ..."

"ಸರಪಳಿ ಮಾತು ಈಗ್ಯಾಕೆ?" ಎಂದು ಹೆಕ್ಟರ್ ಗಡಿಬಿಡಿಯಿಂದ ಬಾಯಿ ಹಾಕಿದ. "ಬೆಂಕಿ ಬಂತೋ ಇಲ್ವೋ? ನಾವು ಬಚಾವಾದ್ವೋ ಇಲ್ವೋ? ಮಾಡಿದ್ದನ್ನ ಹೇಳ್ಕೊಳ್ಳೋಕೂ ನಾಚಿಕೆ ಇವನಿಗೆ. ಹನಿಮೂನಂತೆ!"

ಅವರಲ್ಲಿ ಒಬ್ಬೊಬ್ಬರೂ ಆ ಸರಪಳಿಯ ಜೊತೆಗೇ ಬಂದವರು, ಅದನ್ನು ದೂರಿದರೆ ತಮ್ಮ ಪಾಲನ್ನೂ ಒಪ್ಪಿಕೊಂಡಂತೆ. ಅದಕ್ಕಿಂತ ವೆಂಡೆಲನನ್ನು ಮೆಚ್ಚಿಕೊಳ್ಳುವುದು ಎಲ್ಲರಿಗೂ ಸುಲಭವಾಗಿ ಕಂಡಿತು. ಚಪ್ಪಾಳೆ ಬಿತ್ತು. ಎಡ್ನಾ ಕಣ್ಣೊರೆಸಿಕೊಂಡಳು.

"ಒಂದು ಮಾತು," ಎಂದಿತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಫೋನು. "ಬೆಂಕಿ ಬಂದಾಗ ಜನರನ್ನ ಹೊರಡಿಸೋಕೆ ಪ್ರತಿ ರಸ್ತೆಗೂ ಒಬ್ಬ ನಾಯಕ ಇರಬೇಕು ಅಂತ ನಿಯಮ ಇದೆ. ನಿಮ್ಮ ರಸ್ತೇಗೆ ನಾಲ್ಕು ವರ್ಷದಿಂದ ಯಾರೂ ಇಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಊರು ಬಿಟ್ಟು ಕದಲಬಾರದು, ಅಷ್ಟೇ. ಭಾವನ ಹೆಸರು ಬರೆದುಕೊಳ್ಳಲಾ? ಒಪ್ಪಿಗೆ ಇರೋರು ಕೈ ಎತ್ತಿ."

ಮೊದಲು ಮೇಲೆದ್ದ ಕೈ ಲೊರೇನಳದು.

"ನೀನೂನಾ?" ಎಂದ ವೆಂಡೆಲ್.

"ನೀನು ಮೂತಿ ತಿರುಗಿಸಿದ್ದಕ್ಕೆ ಇಡೀ ರಸ್ತೆ ಮನೆ ಬಿಟ್ಟು ಹೊರಡ್ತಲ್ಲೋ. ಇಂಥ ಗಂಡ ನಂಗಿದಾನೆ ಅಂತ ಇವತ್ತೇ ಗೊತ್ತಾಗಿದ್ದು," ಎಂದಳು. ಅವಳ ಮುಖದಲ್ಲಿ ಮುನಿಸಿನ ಸುಳಿವೂ ಇರಲಿಲ್ಲ.

ನಾಯಕನ ಮೊದಲ ಕೆಲಸ ಕತ್ತಲಾಗುವುದರೊಳಗೆ ಎಲ್ಲರನ್ನೂ ಮನೆ ಮುಟ್ಟಿಸಿ ರುಜು ಹಾಕುವುದು ಎಂದು ಹೇಳಿ ಡೇಲ್ ಫೋನಿಟ್ಟ. ಜನ ಕಾರುಗಳ ಕಡೆ ನಡೆದರು. ಅಷ್ಟರಲ್ಲಿ ಗಾಳಿ ಬೀಸಿ ಮಂಜು ಸ್ವಲ್ಪ ಸರಿಯಿತು. ಒಂದೇ ಒಂದು ನಿಮಿಷ, ಕೆಳಗೆ ಕಡು ನೀಲಿಯ ನೀರು, ಅದರ ಅಂಚಿಗೆ ದಕ್ಷಿಣದವರೆಗೂ ಬಳುಕುತ್ತ ಹೋದ ರಸ್ತೆ ಕಾಣಿಸಿತು. ಲೊರೇನ್ ಗಂಡನ ತೋಳು ಹಿಡಿದಳು. ಅವನಿಗೆ ಸೊಂಟನೋವು ಮರೆತುಹೋಯಿತು.

"ಚೆನ್ನಾಗಿದೆ ಕಣೋ," ಎಂದಳು ಮೆಲ್ಲಗೆ. "ಡಿಸೆಂಬರ್‌ನಲ್ಲಿ ಹೋಗೋಣ್ವಾ? ಕ್ರಿಸ್‌ಮಸ್ ರಜೆ ಇರುತ್ತಲ್ಲ ನಿಂಗೆ."

ಇನ್ನೆಂದೂ ಹೆಸರೆತ್ತಬೇಡ ಎಂದವಳೇ ಹೆಸರೆತ್ತಿದ್ದಳು. ವೆಂಡೆಲ್ ಸಂತೋಷದಿಂದ ತಲೆಯಾಡಿಸಿದ.

"ಡಿಸೆಂಬರ್‌ನಲ್ಲಿ ಮಳೆಗೆ ಗುಡ್ಡ ಜಾರುತ್ತೆ. ಹುಷಾರಾಗಿ ಹೋಗಬೇಕು," ಎಂದಿತು ಬೆನ್ನ ಹಿಂದೆ ಒಂದು ದನಿ. ಎಡ್ನಾ. "ಆದ್ರೂ ವೆಂಡೆಲ್ ಮುಂದೆ ಇದ್ರೆ ನಮಗೇನೂ ಭಯ ಇಲ್ಲ."

"ಡಿಸೆಂಬರ್ರೇ ಒಳ್ಳೇದು," ಎಂದ ಹೆಕ್ಟರ್, ಸರಪಳಿಯನ್ನು ಎತ್ತಿ ಕಟ್ಟುತ್ತ. "ಮೇಕೆಗಳಿಗೂ ಆಗ ಬಿಡುವು ಇರುತ್ತೆ."