ಹದಿನಾಲ್ಕು ರಾಣಿಯರು ಮತ್ತು ನಮ್ಮ ಭಾವ

ನಮ್ಮ ಭಾವನವರು ಕುಳಿತದ್ದನ್ನು ಕಂಡವರಿಲ್ಲ! ಜರ್ಮನಿಯ ಹೈಡೆಲ್‌ಬರ್ಗ್‌ನ ಅವರ ಮನೆಯಲ್ಲಿ ಸೋಫಾ ಇರುವುದು ಅತಿಥಿಗಳಿಗಾಗಿ. ಅವರು ಕಾಫಿಯನ್ನೂ ನಡೆಯುತ್ತಲೇ ಕುಡಿಯುತ್ತಾರೆ. ವಾರವಿಡೀ ವಾಲ್‌ಡಾರ್ಫ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಪರರ ದೋಷ ಹುಡುಕಿ ಸಂಬಳ ಪಡೆಯುವ ಪವಿತ್ರ ವೃತ್ತಿ. ಶನಿವಾರ ಬಂತೆಂದರೆ ಅದೇ ಕಣ್ಣು ಸ್ಕಾಟ್ಲೆಂಡಿನ ರಾಣಿ ಮೇರಿಯ ಮೇಲೆ!

ಗಾಬರಿಯಾಗಬೇಡಿ. ಆಕೆ ತಲೆ ಕಡಿಸಿಕೊಂಡು ನಾಲ್ಕು ಶತಮಾನಗಳ ಮೇಲಾಯಿತು. ನಮ್ಮ ಅಕ್ಕನಿಗೂ ಸವತಿ ಮತ್ಸರವಿಲ್ಲ. ಇರುವುದು ಗೋಡೆಯ ಚಿಂತೆ. ಹಾಲ್‌ನಲ್ಲಿ ಹದಿನಾಲ್ಕು ಮೇರಿಯರು ನೇತಾಡುತ್ತಿದ್ದಾರೆ. ಎಲ್ಲವೂ ಹಳೆಯ ಚಿತ್ರಗಳ ಪ್ರತಿಗಳು, ಆದರೆ ಒಬ್ಬಳಂತೆ ಇನ್ನೊಬ್ಬಳಿಲ್ಲ! ಒಬ್ಬಳಿಗೆ ಗಿಣಿಮೂಗು, ಒಬ್ಬಳಿಗೆ ಇಮ್ಮಡಿ ಗಲ್ಲ, ಮತ್ತೊಬ್ಬಳು ಶಿರಚ್ಛೇದಕ್ಕೆ ಹೊರಟಿದ್ದರೂ ಬೀಗರೂಟಕ್ಕೆ ಹೊರಟಷ್ಟು ಪ್ರಸನ್ನೆ. ಬರೆದವರಲ್ಲಿ ಬಹುಪಾಲು ಜನ ಆಕೆಯನ್ನು ಕಣ್ಣಾರೆ ಕಂಡವರೇ ಅಲ್ಲ. ಹಾಗಾದರೆ ನಿಜವಾದ ಮುಖ ಯಾವುದು? ಭಾವನವರನ್ನು ಕೂರಗೊಡದ ಪ್ರಶ್ನೆ ಇದೊಂದೇ. ಪ್ರತಿ ಚಿತ್ರದ ಬೆನ್ನಿಗೂ ದೋಷಪಟ್ಟಿ ಅಂಟಿಸಿದ್ದಾರೆ: "ಎಡಗಣ್ಣು ಅನುಮಾನಾಸ್ಪದ. ಕಿವಿ ಬೇರೆ ಯಾರದ್ದೋ."

ವರಮಹಾಲಕ್ಷ್ಮಿಯ ದಿನ ಅರಿಶಿನ ಕುಂಕುಮಕ್ಕೆ ಬಂದಿದ್ದ ಬೆಂಗಳೂರಿನ ಹಿರಿಯ ಮಹಿಳೆಯೊಬ್ಬರು ಕಪ್ಪು ಉಡುಪಿನ, ಬಿಳಿ ಮುಸುಕಿನ ರಾಣಿಯನ್ನು ಕಂಡು ಚೌಕಟ್ಟಿಗೆ ಭಕ್ತಿಯಿಂದ ಹೂವಿಟ್ಟರು.

"ನಿಮ್ಮ ತಾಯಿಯವ್ರಾ?"

ಭಾವನವರು ಅರೆಗಳಿಗೆ ತಡವರಿಸಿದರು. "ಅಲ್ಲ. ಬೇಕಾದವರು."

"ಪಾಪ, ಏನಾಗಿತ್ತು?"

"ಕುತ್ತಿಗೇದು."

"ನಮ್ಮೆಜಮಾನ್ರಿಗೂ ಕುತ್ತಿಗೇದೇ! ನೀವು ಮೊದ್ಲೇ ಬೆಲ್ಟ್ ಹಾಕಿಸ್ಬೇಕಿತ್ತು ಕಣ್ರೀ!"

ಕಳೆದ ತಿಂಗಳು ನನ್ನನ್ನೂ ಬರ್ಲಿನ್‌ಗೆ ಎಳೆದೊಯ್ದರು. ಫ್ಲೋಮಾರ್ಕ್ಟ್ ಎಂಬ ಹಳೇ ಸಾಮಾನಿನ ಸಂತೆಯಲ್ಲಿ ಅವರು ಮುಂದೆ, ಏದುಸಿರು ಬಿಡುತ್ತ ನಾನು ಹಿಂದೆ.

"ಬೇಗ ಬಾರೋ! ನಾವು ಹೋಗೋದ್ರೊಳಗೆ ಯಾರಾದ್ರೂ ರಾಣೀನ ಎತ್ಕೊಂಡು ಹೋಗ್ತಾರೆ!"

"ಭಾವ, ಆ ಮೂಗಿಗೆ ಇಡೀ ಜರ್ಮನಿಯಲ್ಲಿ ನೀವೊಬ್ರೇ ಗಿರಾಕಿ."

ಒಡೆದ ಪಿಂಗಾಣಿಯ ರಾಶಿಯ ಪಕ್ಕ ಅವರು ಗಕ್ಕನೆ ನಿಂತರು. ಕೈಯಲ್ಲೊಂದು ಹಳೇ ಮುದ್ರಣ: ಮೇರಿ, ಪಕ್ಕದಲ್ಲಿ ಮೀಸೆ ಮೂಡುತ್ತಿರುವ ಮಗ. ಇಷ್ಟು ದಿನದ ಸಹವಾಸದಿಂದ ನಾನೂ ಪಂಡಿತನಾಗಿದ್ದೆನಲ್ಲ! "ಭಾವ, ಇದು ಶುದ್ಧ ಸುಳ್ಳು. ಅವನಿಗಿನ್ನೂ ವರ್ಷ ತುಂಬೋ ಮೊದಲೇ ಬೇರೆಯಾದೋರು, ಆಮೇಲೆ ಮುಖಾನೇ ನೋಡ್ಲಿಲ್ಲ. ಒಟ್ಟಿಗೆ ನಿಂತಿದ್ದು ಯಾವಾಗ?"

"ಗೊತ್ತು ಕಣೋ," ಎಂದರು. ಚೌಕಾಸಿಯನ್ನೂ ಮಾಡದೆ ಕೊಂಡರು.

ಊ-ಬಾನ್ ಎಂಬ ನೆಲದಡಿಯ ರೈಲು ಹತ್ತಿದೆವು. ದೋಷಪಟ್ಟಿಗೆಂದು ನಾನು ಪೆನ್ನು ತೆಗೆದೆ. ಅವರು ನನ್ನ ಕೈ ಹಿಡಿದರು.

"ಇದಕ್ಕೆ ಬೇಡ. ನಮ್ಮಮ್ಮ ಹೋದಾಗ ನಂಗೆ ಎಂಟು ತಿಂಗಳು. ಫೋಟೋ ಒಂದೂ ಇರಲಿಲ್ಲ. ಅಜ್ಜಿ ಹೇಳ್ತಾ ಹೋದ್ರಂತೆ, ಮೈಸೂರಿನ ಸ್ಟುಡಿಯೋದವನು ಚಿತ್ರ ಬರೀತಾ ಹೋದನಂತೆ. ಚಿಕ್ಕಮ್ಮ ನೋಡಿ 'ಮೂಗು ನಂದು' ಅಂದ್ರು. ಮಾವ 'ಇದು ಅಕ್ಕ ಅಲ್ವೇ ಅಲ್ಲ' ಅಂದ. ನಾನು ಯಾರನ್ನ ಕೇಳ್ಲಿ ಹೇಳು?"

ನಾನು ಪೆನ್ನನ್ನು ಜೇಬಿಗೆ ಹಾಕಿಕೊಂಡೆ. ಭಾವನವರು ಮುದ್ರಣವನ್ನು ಎದೆಗವಚಿಕೊಂಡು, ಖಾಲಿಯಿದ್ದ ಸೀಟಿನಲ್ಲಿ ಮೆಲ್ಲನೆ ಕುಳಿತರು.

ನಾವು ಇಳಿಯಬೇಕಾದ ನಿಲ್ದಾಣ ಬಂತು. ಬಾಗಿಲು ತೆರೆಯಿತು, ಮುಚ್ಚಿತು. ನಾನು ಅವರನ್ನು ಎಬ್ಬಿಸಲಿಲ್ಲ.