ನನ್ನ ಅನಾನಸ್ ಡ್ರೆಸ್ಸಿಂಗಿಗೆ ಮುಖ ತಿರುಗಿಸಿದ ಗೌರಿಯವರಿಗೆ

ಮಾನ್ಯ ಗೌರಿಯವರೇ, ನಮ್ಮ ಕೊಟ್ಟಿಗೆಯ ಒಡತಿಯೇ, ಎರಡು ಹೊತ್ತು ಹಾಲು ಕೊಡುವ ತಾಯಿಯೇ, ಕುಪ್ಪಗಡ್ಡೆಯ ರಾಜೇಶ್ವರಮ್ಮನ ನಮಸ್ಕಾರಗಳು.

ಇಂದು ಸೋಮವಾರ, ನನಗೆ ಒಪ್ಪತ್ತು. ಕಸ ಹೊಡೆದು, ಅಂಗಳ ಸಾರಿಸಿ, ರಂಗೋಲಿ ಎಳೆದು, ಪೂಜೆ ಮುಗಿಸಿ, ಖಾಲಿ ಹೊಟ್ಟೆಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಹೊಟ್ಟೆ ತುಂಬಿದರೆ ನನಗೆ ನನ್ನ ತಪ್ಪು ಕಾಣುವುದಿಲ್ಲ. ಬಹಿರಂಗವಾಗಿ ಬರೆಯುವುದು ಏಕೆಂದರೆ, ಡೈರಿಗೆ ಹಾಲು ಹಾಕಲು ಬರುವವರಿಗೆಲ್ಲ ಸಂಗತಿ ಆಗಲೇ ಗೊತ್ತಾಗಿದೆ.

ಹೋದ ಗುರುವಾರದ ವಿಚಾರ. ನಮ್ಮ ಯಜಮಾನರಾದ ವೀರಬಸಪ್ಪನವರಿಗೆ ಸಕ್ಕರೆ ಕಾಯಿಲೆ ಇರುವುದು, ಊಟಕ್ಕೆ ಮೊದಲು ಹಸಿ ತರಕಾರಿ ತಿನ್ನಿ ಎಂದು ಶಿಕಾರಿಪುರದ ಡಾಕ್ಟರು ಹೇಳಿರುವುದು, ಅದಕ್ಕೆ ಇವರು "ಹಸೀದು ತಿನ್ನಾಕೆ ನಾನೇನು ಕಟ್ಟಿದ ದನಾನಾ?" ಎಂದಿರುವುದು, ಎಲ್ಲವನ್ನೂ ತಾವು ಕೊಟ್ಟಿಗೆಯಿಂದಲೇ ಕೇಳಿದ್ದೀರಿ. ಆಗ ಸೊಸೆ ಚೈತ್ರ, ತರಕಾರಿಯ ಮೇಲೆ ಸುರಿಯುವ ಹಣ್ಣಿನ ಡ್ರೆಸ್ಸಿಂಗನ್ನು ಮೊಬೈಲಿನಲ್ಲಿ ತೋರಿಸಿದಳು: ಅನಾನಸ್ ಎರಡು ಹೋಳು, ನಿಂಬೆರಸ, ಉಪ್ಪು, ಮೆಣಸು, ಅರ್ಧ ಚಮಚ ಸಾಸಿವೆ. ಅರ್ಧ ಚಮಚ ಯಾವ ಲೆಕ್ಕ ಎಂದುಕೊಂಡು ನಾನು ಒಂದು ಹಿಡಿ ಹಾಕಿ, ಮಿಕ್ಸಿ ಬಿಸಿಯಾಗುವ ತನಕ ರುಬ್ಬಿದೆ. "ಅತ್ತೆ, ಒಂದು ಹನಿ ನಾಲಿಗೆ ಮೇಲೆ ಇಟ್ಕಂಡು ನೋಡ್ರಿ" ಎಂದಳು. ದೇವರಿಗೆ ಎಡೆ ಇಡದೆ, ತಮಗೆ ಮೊದಲ ತುತ್ತು ಕೊಡದೆ ರುಚಿ ನೋಡುವವಳೇ ನಾನು? ತಾವು ತಿನ್ನುವ ಮೊದಲು ಈ ಮನೆಯಲ್ಲಿ ಯಾರೂ ತಿನ್ನಬಾರದೆಂದು ನೇಮ ಮಾಡಿದವಳೂ ನಾನೇ.

ದೇವರು ಏನೂ ಅನ್ನಲಿಲ್ಲ. ತಾವು ಮಾತ್ರ, ಡ್ರೆಸ್ಸಿಂಗ್ ಸುರಿದು ಬಾಳೆಲೆಯಲ್ಲಿ ತಂದ ಸೌತೆಕಾಯಿಯನ್ನು ಮೂಸಿ, ನನ್ನ ಮುಖದ ಮೇಲೆ ಭುಸ್ಸೆಂದು ಉಸಿರು ಬಿಟ್ಟು, ಗೋಡೆಯ ಕಡೆ ತಿರುಗಿದಿರಿ. ಗೋಣಿಚೀಲವನ್ನೂ, ಮದುವೆ ಕಾರ್ಡನ್ನೂ, ಒಮ್ಮೆ ಯಜಮಾನರ ಟವೆಲ್ಲನ್ನೂ ಸಂತೋಷದಿಂದ ಮೆದ್ದ ತಮ್ಮ ವಿಶಾಲ ಮನಸ್ಸು ನನ್ನ ಕೈರುಚಿಯ ಮುಂದೆ ಇಷ್ಟು ಚಿಕ್ಕದಾಗಬೇಕೇ? ಕೈಮುಗಿದೆ, ಕೊರಳ ಕೆಳಗಿನ ಗಂಗೆದೊಗಲು ತುರಿಸಿದೆ, ಶಿವನಾಮ ಹೇಳಿದೆ. "ಏ ಮಾರಾಯ್ತಿ, ಗುಳಿಗೆ ನುಂಗಿ ಅರ್ಧ ಗಂಟೆ ಆತು, ಅದ್ರ ಊಟ ಆಗೋ ತನಕ ನಾ ಕಾಯ್ಬೇಕಾ?" ಎಂದು ಯಜಮಾನರು ಒಳಗಿನಿಂದ ಕೂಗಿದರೂ ನಾನು ಕದಲಲಿಲ್ಲ. ಆಮೇಲೆ ಕೂಗು ನಿಂತಿತು. "ಅತ್ತೆ, ಮಾವ ಬೆವರ್ತಾ ಇದಾರೆ, ಕೈ ನಡುಗ್ತೈತಿ, ಬರ್ರಿ" ಎಂದು ಚೈತ್ರ ಕಿರುಚಿದಾಗ ಎಲೆ ಬಿಸಾಕಿ ಓಡಿ, ಸಕ್ಕರೆ ಇಳಿದಿದೆಯೆಂದು ಬೆಲ್ಲದ ನೀರು ಕುಡಿಸಿದೆ. ಸುಧಾರಿಸಿಕೊಂಡ ಮೇಲೆ ಅವರು ಕೇಳಿದ್ದು ಒಂದೇ: "ಹಸಾ ತಿಂತಾ?"

ಅನಂತರ ನಾನೂ ಒಂದು ಹನಿ ನೆಕ್ಕಿ ನೋಡಿದೆ. ಕಹಿ ಮೂಗಿನಿಂದ ನೆತ್ತಿಗೇರಿತು. ತಮ್ಮ ತೀರ್ಪು ಸರಿ. ನನ್ನ ದೂರು ಇಷ್ಟೇ: ನನ್ನ ಭಕ್ತಿಯನ್ನೂ ಹೀಗೆಯೇ ಮೂಸಿ ನೋಡಿ, ಮೊದಲೇ ಮುಖ ತಿರುಗಿಸಬಾರದಿತ್ತೇ?

ಆದ್ದರಿಂದ ತಾವು ದಿನಾ ಬೆಳಿಗ್ಗೆ ಅಡುಗೆಮನೆಗೆ ದಯಮಾಡಿಸಿ ಸಾಸಿವೆ ಡಬ್ಬಿಗೆ ಕಾವಲು ನಿಲ್ಲಬೇಕು. ಅದಾಗದಿದ್ದರೆ, ಯಜಮಾನರು ತಮಗಿಂತ ಮೊದಲು ತಿನ್ನಲು ತಲೆಯಾಡಿಸಿ ಅಪ್ಪಣೆ ಕೊಡಬೇಕು. ಹಿಂದಿನಿಂದ ಸಗಣಿ ಬಾಚಲು ನನಗೆ ಧೈರ್ಯವಿದೆ, ಎದುರು ಬರಲು ಮುಖವಿಲ್ಲ. ಅಕ್ಕಿ ತೊಳೆದ ಅಕ್ಕಚ್ಚಿನ ಬಕೆಟ್ಟು ತರುವ ಚೈತ್ರಳೇ ತಮ್ಮ ಉತ್ತರವನ್ನು ತಂದುಕೊಡಲಿ.

ತಮ್ಮ ಹುಲ್ಲು ನೀರಿನ ವಿಶ್ವಾಸಿ,
ರಾಜೇಶ್ವರಮ್ಮ

ವಿ.ಸೂ.: ತಾವು ತಲೆಯನ್ನು ಅಡ್ಡಡ್ಡ ಆಡಿಸಿದರೆ ನೊಣ ಓಡಿಸಿದಿರೆಂದೇ ತಿಳಿಯುತ್ತೇನೆ. ಯಜಮಾನರು ಆಗಲೇ ಎರಡನೇ ರೊಟ್ಟಿಯಲ್ಲಿದ್ದಾರೆ.